ಆರನೇ ನಂಬರಿನ ಬಣ್ಣ

"ಆರನೇ ನಂಬರ್ ಇವತ್ತ ಯಾವ ಸೀರಿ ಉಟ್ಟಾಳ್ರಿ?"

ಗಿರಿಧರನ ಫೋನ್ ಶುರುವಾಗುತ್ತಿದ್ದದ್ದೇ ಹೀಗೆ. ಸೂರತ್‌ನ ಅಡಾಜಣ್ ಬಡಾವಣೆಯ ಫ್ಲಾಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ವಿಂಧ್ಯಾ, ಪಕ್ಕದಲ್ಲಿದ್ದ ಅಮ್ಮನಿಗೆ ಕಾಣದಂತೆ ನಗು ನುಂಗಿಕೊಂಡು, "ಹಸಿರು" ಎನ್ನುವಳು.

ಆರನೇ ನಂಬರ್ ಹೆಂಗಸಲ್ಲ, ಪಾಂಡೇಸರಾದ ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಷೀನು. ಅಂಥ ಹನ್ನೆರಡು ಮಷೀನುಗಳ ಸ್ಥಿತಿ ಗಿರಿಧರನ ಕಂಪ್ಯೂಟರಿನ ಟರ್ಮಿನಲ್ ವಿಂಡೋದಲ್ಲಿ ಸಾಲುಸಾಲಾಗಿ ಬರುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ. ಒಳಗಿನ ಹಬೆಯ ಒತ್ತಡ ಇಳಿದಿದ್ದರೆ ಸಾಲಿನ ಕೊನೆಗೆ 'ಓಪನ್', ಇಳಿಯದಿದ್ದರೆ 'ವೇಟ್'. ಮಷೀನುಗಳ ಮುಚ್ಚಳದ ಲಾಕುಗಳು ಕೆಟ್ಟು ತಿಂಗಳುಗಳೇ ಆಗಿದ್ದವು. ಸೂಪರ್‌ವೈಸರ್ ಗಿರಿಧರ ಪರದೆ ನೋಡಿ ತನ್ನ ಗಾಜಿನ ಕೋಣೆಯಿಂದ ಕೈ ಎತ್ತಿದರೆ ಮಾತ್ರ ಆಪರೇಟರ್ ಮುಚ್ಚಳ ತೆಗೆಯಬೇಕು, ಅದೇ ಅಲ್ಲಿನ ಪದ್ಧತಿ.

ಆ ಪರದೆಯನ್ನು ಚೆಂದ ಮಾಡಿಕೊಡಲು ಬಂದ ಪ್ರೋಗ್ರಾಮರ್ ವಿಂಧ್ಯಾ. ಚಿಕ್ಕ ಮಾನಿಟರಿನಲ್ಲಿ ಸಾಲುಗಳು ಮುರಿದು ಕೆಳಗಿಳಿಯುತ್ತಿದ್ದವು. ಅವಳು ಕೊನೆಯ ಪದಗಳನ್ನು ಕಿತ್ತು ಹಾಕಿ, ಇಡೀ ಸಾಲಿಗೇ ಬಣ್ಣದ ಕೋಡ್ ಬರೆದಳು. ಮೂವತ್ತೊಂದು ಎಂದರೆ ಕೆಂಪು, ಕಾಯಿರಿ. ಮೂವತ್ತೆರಡು ಎಂದರೆ ಹಸಿರು, ತೆಗೆಯಿರಿ. ಅದೇ ಪರದೆ ಮನೆಯಲ್ಲಿ ಅವಳ ಲ್ಯಾಪ್‌ಟಾಪಿನಲ್ಲೂ ಕಾಣುತ್ತಿತ್ತು. "ಹೇಗಿದೆ? ಅಚ್ಛಾ ಹೈ ನಾ?" ಎಂದು ತಿರುಗಿದಾಗ ಗಿರಿಧರ ಪರದೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. "ಭಾಳ ಚೊಲೋ ಐತ್ರಿ" ಎಂದ.

ಮರುದಿನದಿಂದಲೇ ಫೋನ್ ಶುರುವಾಯಿತು, ದಿನಕ್ಕೆ ಹತ್ತಾರು ಸಲ, ಆರನೆಯದಲ್ಲದಿದ್ದರೆ ಬೇರೊಂದು ನಂಬರು. ಅಪ್ಪನ ಇನ್ಶೂರೆನ್ಸ್ ನೌಕರಿಯಿಂದಾಗಿ ಸೂರತ್‌ನಲ್ಲೇ ಬೆಳೆದ ವಿಂಧ್ಯಾಳ ಕನ್ನಡ ಅಷ್ಟಕ್ಕಷ್ಟೆ. ಗದಗಿನ ಗಿರಿಧರ ಅವಳ ತಪ್ಪುಗಳಿಗೆ ನಗುತ್ತಿದ್ದ, ತಿದ್ದುತ್ತಿರಲಿಲ್ಲ. ಬಣ್ಣದ ಮಾತು ಮುಗಿದ ಮೇಲೂ ಫೋನ್ ಇಡುತ್ತಿರಲಿಲ್ಲ. ಊಟವಾಯಿತೇ ಎಂದು ಕೇಳುವನು, ಮತ್ತೆ ಅದನ್ನೇ ಕೇಳುವನು. ಎದುರಿಗೇ ಪರದೆ ಇಟ್ಟುಕೊಂಡು ಬಣ್ಣ ಕೇಳಲು ಫೋನ್ ಮಾಡುವ ಗಂಡಸಿನ ನೆಪ ಯಾವ ಹುಡುಗಿಗೆ ತಿಳಿಯುವುದಿಲ್ಲ?

ಅಷ್ಟರಲ್ಲಿ ಅವಳ ಸೋದರತ್ತೆ ಸುಭದ್ರಾ ವಡೋದರಾದಿಂದ ಒಂದು ಸಂಬಂಧ ತಂದರು. ವಿಂಧ್ಯಾ ಅದನ್ನು ಗಿರಿಧರನಿಗೆ ಹೇಳಿದಳು. ಅವನು ಊಟವಾಯಿತೇ ಎಂದು ಕೇಳಿ ಫೋನ್ ಇಟ್ಟ. ಮರುದಿನ ಮಧ್ಯಾಹ್ನ ಫೋನ್ ಬಂದಾಗ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಸ್ವಲ್ಪ ಕಾಯಲಿ, ಬುದ್ಧಿ ಬರಲಿ ಅಂದುಕೊಂಡಳು. ಮೂರು ಸಲ ರಿಂಗಾಯಿತು, ಎತ್ತಲಿಲ್ಲ.

ಮಿಲ್ಲಿನಲ್ಲಿ ಆರನೇ ನಂಬರಿನ ಬಳಿ ಆಪರೇಟರ್ ಚನ್ನಬಸಪ್ಪ ಕಾಯುತ್ತಿದ್ದ. ಗಿರಿಧರ ಒಮ್ಮೆ ಫೋನ್ ನೋಡಿದ, ಒಮ್ಮೆ ಪರದೆ ನೋಡಿದ, ಕೈ ಎತ್ತಿದ. ಮುಚ್ಚಳ ಸಡಿಲಿಸಿದ್ದೇ ತಡ, ಕುದಿಯುವ ನೀರು ಚನ್ನಬಸಪ್ಪನ ಎದೆಗೆ ಹೊಡೆಯಿತು. ಮೂರನೆಯ ದಿನ ಅವನು ತೀರಿಕೊಂಡ.

ಆಪರೇಟರ್ ಅವಸರಪಟ್ಟು ತಾನೇ ಮುಚ್ಚಳ ತೆಗೆದ ಎಂದು ಮಿಲ್ಲಿನವರು ಬರೆದುಕೊಂಡರು. ಯಾರೂ ಬಾಯಿ ಬಿಡದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಬಾಯಿ ಬಿಟ್ಟವನು ಗಿರಿಧರನೇ, ಅದೂ ಮೊದಲು ವಿಂಧ್ಯಾಳ ಮುಂದೆ. ಮಿಲ್ಲಿನ ಗೇಟಿನ ಹೊರಗೆ, ಲಾರಿಗಳ ಸದ್ದಿನ ನಡುವೆ ಹೇಳಿದ. ಹುಟ್ಟಿದಾಗಿನಿಂದ ಅವನಿಗೆ ಕೆಂಪು ಹಸಿರು ಎರಡೂ ಒಂದೇ ಮಣ್ಣುಬಣ್ಣ. ಬಣ್ಣದ ಮಿಲ್ಲಿನಲ್ಲಿ ಇದನ್ನು ಹೇಳಿದವನಿಗೆ ಕೆಲಸವೆಲ್ಲಿ? 'ಓಪನ್', 'ವೇಟ್' ಎಂಬ ಅಕ್ಷರಗಳಿದ್ದಷ್ಟು ಕಾಲ ಹೇಗೋ ನಡೆದಿತ್ತು.

ವಿಂಧ್ಯಾಳಿಗೆ ಸತ್ತವನಿಗಿಂತ ಮೊದಲು ಆ ಫೋನುಗಳೇ ನೆನಪಾದವು. ಹಾಗೆ ನೆನಪಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ಹಾಗಾದ್ರೆ ನಿಮಗೆ ಬೇಕಾಗಿದ್ದು ನನ್ನ ಕಣ್ಣು ಮಾತ್ರ?"

"ಮೊದಲ್ನೇ ವಾರ ಅಷ್ಟ ರೀ" ಎಂದ. "ಆಮ್ಯಾಲ ಬಣ್ಣ ತಿಳಿದ ಮ್ಯಾಲೂ ಫೋನ್ ಇಡಾಕ ಆಗ್ತಿರಲಿಲ್ಲ. ನಿಮ್ಮ ಮನಿಗೆ ಬಂದು ಕೇಳಬೇಕಂದ್ರ ಇದನ್ನ ಹೇಳಬೇಕಿತ್ತು. ಹೇಳಾಕ ಧೈರ್ಯ ಸಾಲಲಿಲ್ಲ."

ನಾಲ್ಕು ದಿನದ ಹಿಂದೆ ಕೇಳಿದ್ದರೆ ಕುಣಿದಾಡಬೇಕಾಗಿದ್ದ ಮಾತು ಅದು. ಈಗ ಕೇಳಿ ಅವಳು ಅತ್ತಳು.

ಇಬ್ಬರೂ ಮ್ಯಾನೇಜರ್ ಬಳಿ ಹೋದರು. ಕಣ್ಣಿನ ವಿಷಯ ಅವನು ಹೇಳಿದ, ಅಕ್ಷರ ಕಿತ್ತವಳು ತಾನೆಂದು ಅವಳು ಹೇಳಿದಳು. ಚನ್ನಬಸಪ್ಪನ ತಪ್ಪಿಲ್ಲವೆಂದು ಇಬ್ಬರೂ ಬರೆದು ಸಹಿ ಹಾಕಿದರು. ಗಿರಿಧರನ ಕೆಲಸ ಅಲ್ಲಿಯೇ ಹೋಯಿತು. ಅಲ್ಲಿಂದ ನೇರ, ಮಿಲ್ಲಿನ ಪಕ್ಕದ ಕಾರ್ಮಿಕರ ಚಾಳಿನಲ್ಲಿದ್ದ ಚನ್ನಬಸಪ್ಪನ ಕೋಣೆಗೆ ನಡೆದರು.

ಅವನ ಹೆಂಡತಿ ಯಶೋದಾ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕೂಗಲಿಲ್ಲ, ಶಪಿಸಲೂ ಇಲ್ಲ.

"ನಿನಗ ಬಣ್ಣ ಕಾಣೂದಿಲ್ಲಂತ ನಮ್ಮ ಮನಿಯವರಿಗೆ ಗೊತ್ತಿತ್ತೇನಪಾ?"

"ಇಲ್ಲ ಅಕ್ಕಾ."

"ಹೇಳಬೇಕಿತ್ತು. ಪ್ರತಿ ಸಲ ನಿನ್ನ ಕೋಣಿ ಒಳಗ ಬಂದು, ಬಣ್ಣ ನೋಡಿ ಹೇಳತಿದ್ರು. ಯಾರಿಗೂ ಬಾಯಿ ಬಿಡತಿರಲಿಲ್ಲ."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಗಿರಿಧರ ಮೆಟ್ಟಿಲ ಮೇಲೆ ಕೂತ. ವಿಂಧ್ಯಾ ಪಕ್ಕದಲ್ಲಿ ಕೂತು, ಮೊದಲ ಸಲ ಅವನ ಕೈ ಹಿಡಿದಳು. ಅವನು, ಗದಗಿಗೆ ಹೋಗುತ್ತೇನೆ, ಬರ್ತೀರೇನು ಎಂದು ಕೇಳಿದ.

"ನಿಮ್ಮನ್ನ ಬಿಟ್ಟು ಬೇರೆ ಯಾರೂ ನನಗೆ ಬೇಡ" ಎಂದಳು ವಿಂಧ್ಯಾ. "ಆದ್ರೆ ನಿಮ್ಮ ಜೊತೆ ಒಂದು ದಿನ ಖುಷಿಯಾಗಿದ್ರೂ ಈ ಬಾಗಿಲು ನೆನಪಾಗುತ್ತೆ. ನಾನು ಬರೋಲ್ಲ."

ಅವನು ತಲೆಯಾಡಿಸಿದ. ಕೈ ಬಿಡಿಸಿಕೊಳ್ಳಲಿಲ್ಲ, ಅವಳೂ ಬಿಡಲಿಲ್ಲ. ಮಿಲ್ಲಿನ ಸೈರನ್ ಕೂಗಿ, ಶಿಫ್ಟ್ ಬಿಟ್ಟ ಜನ ಮೆಟ್ಟಿಲು ಹತ್ತಲು ದಾರಿ ಕೇಳಿದಾಗ ಇಬ್ಬರೂ ಎದ್ದರು.