ಬೇವಿನ ಬುಡದ ಕಡಲೆ

ಧಡ್!

ಬಾವಿಯಿಂದ ಬರುತ್ತಿದ್ದ ಶೇವಂತಾಳ ಕೊಡ ನೆಲಕ್ಕೆ ಬಿತ್ತು. ಓಡಿಬಂದು ಡಿಕ್ಕಿ ಹೊಡೆದ ಪಂಢರಿ ಏದುಸಿರು ಬಿಡುತ್ತ ನಿಂತ.

"ಹುಲಿ ಬೆನ್ನ ಹತ್ತೇದೇನ್ರಿ?"

"ತಪ್ಪಾತ್ರಿ... ಪಲಟನ್ ಭರ್ತಿಗಿ ಓಡ್ಲತ್ತೀನಿ."

"ಈ ಕಡ್ಡಿ ಮೈಗಿ ಬಂದೂಕು ಯಾರು ಕೊಡ್ತಾರ್ರಿ?"

ಪಂಢರಿ ಕೊಡವನ್ನು ತೊಳೆದು, ತಾನೇ ನೀರು ಸೇದಿ ತುಂಬಿಕೊಟ್ಟು ಹೋದ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತಿದು. ಬೀದರಿನ ಸೈನ್ಯ ಭರ್ತಿಯಲ್ಲಿ ಪಂಢರಿ ಓಟ ಗೆದ್ದ, ಎದೆಯಳತೆ ದಾಟಿದ, ತೂಕದಲ್ಲಿ ಸೋತ. ಮುಂದಿನ ಭರ್ತಿಯೇ ಕೊನೆಯದು. ಆಮೇಲೆ ವಯಸ್ಸು ಮೀರುತ್ತಿತ್ತು.

ಸುದ್ದಿ ಅವರ ಊರು ಸಾಯಗಾಂವ ಮುಟ್ಟಿದ ದಿನ ಶೇವಂತಾ ಕೈಲಿದ್ದ ರೊಟ್ಟಿ ತಟ್ಟೆಗೆ ಬಿಟ್ಟಳು. 'ನನ್ನ ಹಾಳು ನಾಲಿಗೆ!' ಎಂದುಕೊಂಡಳು.

ಮರುದಿನ ನಸುಕಿನಲ್ಲೇ ನೆನೆಸಿದ ಕಡಲೆ, ಬೆಲ್ಲ ತಂದಳು. ಪಂಢರಿ ಓಡಿ ದಣಿದು ಕೂರುವ ಬೇವಿನ ಬುಡದಲ್ಲಿ ಎಲೆಯ ಮೇಲಿಟ್ಟು ಮರೆಯಾದಳು. ನೋಡಿದವರು ಆಡಿಕೊಳ್ಳಬಾರದೆಂದು ಕುಂಕುಮ ಹಚ್ಚಿದ ಮರಗಮ್ಮನ ಕಲ್ಲಿನ ಮುಂದೆಯೇ ಇಟ್ಟಳು, ಜಾಣೆ!

ಪಂಢರಿ ಬಂದ. ಕೈ ಮುಗಿದ. ಹೋದ.

ದಿನವೂ ಅಷ್ಟೇ. ಕಡಲೆ ತಿಂದ ಊರ ಆಡು ದುಂಡಗಾಯಿತು. ಪಂಢರಿ ಇದ್ದ ಹಾಗೇ ಇದ್ದ.

'ನನ್ನ ಕೈಯ ಕಾಳೂ ಬೇಡವೇ?' ಶೇವಂತಾಳ ಕಣ್ಣು ತುಂಬಿತು. ಒಂದು ದಿನ ಮರೆಯಿಂದ ಹೊರಗೆ ಬಂದೇಬಿಟ್ಟಳು.

"ನಾ ಇಟ್ಟ ಕಡಲಿ ಆಡಿಗಿ ಬಿಡ್ತೀರಲ್ಲ, ಅಷ್ಟು ಸಿಟ್ಟೇನ್ರಿ?"

"ನೀವಿಟ್ಟಿದ್ದಾ?!" ಪಂಢರಿ ಬೆಪ್ಪಾದ. "ಮರಗಮ್ಮನ ಎಡಿ ಅಂತ ತಿಳಕೊಂಡಿದ್ನಿರಿ! ಎಡಿ ಮುಟ್ಟಬಾರದಂತ ಹಸದ ಹೊಟ್ಟಿಲೇ ಕೈ ಮುಗದು ಹೋಗ್ತಿದ್ದೆ..."

ಅಂದಿನಿಂದ ಎಲೆ ನೇರ ಅವನ ಕೈಗೇ ಬಂತು. ಅವನು ತಿಂದು ಮುಗಿಸುವವರೆಗೂ ಅವಳು ಕದಲುತ್ತಿರಲಿಲ್ಲ.

ಮುಂದಿನ ಭರ್ತಿ ಮುಗಿಸಿದ ಪಂಢರಿ ಭಾಲ್ಕಿಯಲ್ಲಿ ರೈಲಿಳಿದು ನಡೆದು ಬಂದ. ಬೇವಿನ ಕೆಳಗೆ ಎಲೆ ಹಿಡಿದು ಅವಳು ನಿಂತಿದ್ದಳು.

"ಏನಾತ್ರಿ?"

"ತೂಕ ಸರಿ ಬಂತ್ರಿ. ಬರೋ ವಾರ ಹೋಗಬೇಕು."

ಶೇವಂತಾ ಹಿಗ್ಗಿದಳು. ಮರುಕ್ಷಣವೇ ಕೈಯಲ್ಲಿದ್ದ ಎಲೆಯತ್ತ ನೋಡಿದಳು. ದಿನವೂ ತಿನ್ನಿಸಿ ತಿನ್ನಿಸಿ ಅವನನ್ನು ದೂರ ಕಳಿಸುತ್ತಿರುವುದು ತಾನೇ ಅಲ್ಲವೇ!

"ಮರಗಮ್ಮ ನಿಮ್ಮ ಮಾತು ಕೇಳಿದಳು ಬಿಡ್ರಿ," ಎಂದಳು, ಮುಖ ತಿರುಗಿಸಿ. "ದಿನಾ ತೂಕ ಬೇಡ್ತಿದ್ರಲ್ಲ."

"ತೂಕ ಬೇಡಿಲ್ರಿ. ಕೊಡ ಬಿದ್ದ ದಿನದಿಂದ ಬೇಡಿದ್ದು ಒಂದೇ... ನೀವು ಇನ್ನೊಮ್ಮೆ ನನ್ನ ಬೈಲಿ ಅಂತ."

ಶೇವಂತಾ ಥಟ್ಟನೆ ಇತ್ತ ತಿರುಗಿದಳು.

"ಹೋಗೋದ್ರಾಗ ನಿಮ್ಮಪ್ಪಗ ಬಂದು ಕೇಳ್ಲೇನ್ರಿ? ರಜಾ ಸಿಕ್ಕಾಗ ಲಗ್ನ..."

ಅವಳು ಎಲೆಯನ್ನು ಅವನ ಮುಂದೆ ಚಾಚಿದಳು. "ಮೊದಲ ಇದು ತಿನ್ರಿ."

"ಭರ್ತಿ ಆತಲ್ರಿ, ಇನ್ಯಾಕ?"

"ಈ ಕಡ್ಡಿ ಮೈಗಿ ಹೆಣ್ಣು ಯಾರು ಕೊಡ್ತಾರ್ರಿ?"

ಪಂಢರಿ ನಕ್ಕು, ಎರಡೂ ಕೈ ಚಾಚಿ ಎಲೆ ಇಸಿದುಕೊಂಡ.