ಬಲದ ಮೇಲೆ ಎಡ

"ಇವತ್ತು ಅವಳನ್ನ ಸಾಯಿಸ್ತೀವಿ, ಇಸೊಬೆ-ಸಾನ್," ಎಂದಳು ನಿರ್ದೇಶಕಿ ನಗುಮೊ, ತಣ್ಣನೆಯ ಕಾಫಿ ಡಬ್ಬಿಯನ್ನು ಕೆನ್ನೆಗೆ ಒತ್ತಿಕೊಂಡು. "ಹನ್ನೊಂದಕ್ಕೆ ಶಾಟ್. ಬಲಗಡೆ ಅಂಚು ಮೇಲೆ ಬರಬೇಕು. ಈ ಸಲನಾದ್ರೂ ಸರಿಯಾಗಿ ಉಡಿಸಿ, ದಮ್ಮಯ್ಯ."

ಸುತ್ತ ನಿಂತವರೆಲ್ಲ ನಕ್ಕರು. ಇಸೊಬೆಯೂ ನಕ್ಕ. ಇಪ್ಪತ್ನಾಲ್ಕು ವರ್ಷಗಳಿಂದ ಈ ಹಾಸ್ಯಕ್ಕೆ ಅವನು ನಗುತ್ತಲೇ ಬಂದಿದ್ದ.

ಬದುಕಿರುವವರ ಕಿಮೋನೊದಲ್ಲಿ ಎಡ ಅಂಚು ಬಲದ ಮೇಲೆ ಬರುತ್ತದೆ. ಹೆಣಕ್ಕೆ ಮಾತ್ರ ಬಲ ಅಂಚು ಎಡದ ಮೇಲೆ. ತಪ್ಪಿ ಉಟ್ಟ ಮಕ್ಕಳ ಕೈಗೆ ಅಜ್ಜಿಯರು ಹೊಡೆಯುತ್ತಾರೆ. ಇಪ್ಪತ್ತೆರಡರ ಇಸೊಬೆ, ಚೋಫುವಿನ ಈ ಸ್ಟುಡಿಯೋ ಸೇರಿದ ಮೂರನೇ ವಾರದಲ್ಲಿ, 'ಕಾಯುವವಳು' ಚಿತ್ರದ ದೆವ್ವಕ್ಕೆ ಬದುಕಿರುವವರ ಹಾಗೆ ಉಡಿಸಿಬಿಟ್ಟಿದ್ದ. ಬೆಟ್ಟದ ದಾರಿಯ ಬಸ್ ನಿಲ್ದಾಣದಲ್ಲಿ ಮುಖದ ಮೇಲೆ ಕೂದಲು ಸುರಿದುಕೊಂಡು ನಿಂತಿರುವ ಹೆಣ್ಣು. ಹನ್ನೊಂದು ದಿನಗಳಲ್ಲಿ ಮುಗಿಸಿದ ಅಗ್ಗದ ಚಿತ್ರ. ತಪ್ಪು ಕಣ್ಣಿಗೆ ಬಿದ್ದದ್ದು ಎಡಿಟಿಂಗ್ ಕೋಣೆಯಲ್ಲಿ. ಮತ್ತೆ ಚಿತ್ರಿಸಲು ದಿನ ಉಳಿದಿರಲಿಲ್ಲ.

ಆದರೆ ಪ್ರೇಕ್ಷಕರು ಆ ಅಂಚನ್ನು ಬಿಡಲಿಲ್ಲ. ಅವಳು ಸತ್ತೇ ಇಲ್ಲ, ಯಾರನ್ನೋ ಕಾಯುತ್ತಿದ್ದಾಳೆ ಎಂದರು. ಎರಡನೇ ಭಾಗದ ಕಥೆ ಅಲ್ಲಿಂದಲೇ ಹುಟ್ಟಿತು. ಮೂರರಲ್ಲಿ ಅವಳು ಶಾಲೆಗೆ ಬಂದಳು, ನಾಲ್ಕರಲ್ಲಿ ತ್ರೀ-ಡಿ ಕನ್ನಡಕ ಹಾಕಿಕೊಂಡು ಕೂತ ಪ್ರೇಕ್ಷಕರ ಮಡಿಲಿಗೇ ಕೈಚಾಚಿದಳು. ಐದನ್ನು ಹೊರದೇಶದವರು ತೆಗೆದರು. ಅಂಚಿನ ಎಡಬಲ ತಿಳಿಯದೆ ನೈಟಿ ತೊಡಿಸಿದರು, ಚಿತ್ರ ಮಲಗಿತು. ಆರರಲ್ಲಿ ಮೊಬೈಲಿನೊಳಗೆ ಹೊಕ್ಕಳು. ಏಳರಲ್ಲಿ ಬಸ್ ಡ್ರೈವರನ ಜೊತೆ ಜಗಳವಾಡಿ ಜನರನ್ನು ನಗಿಸಿದಳು. ಎಂಟರಲ್ಲಿ ಎಲ್ಲರೂ ಸೇರಿ ಕಳೆದುಹೋದ ಭಯವನ್ನು ಹುಡುಕಿದರು, ಸಿಗಲಿಲ್ಲ. ಈಗ ಒಂಬತ್ತು. ಕೊನೆಯದು.

ನಿರ್ದೇಶಕರು ಆರು ಸಲ ಬದಲಾದರು. ಆ ಹೊರದೇಶದ್ದೊಂದನ್ನು ಬಿಟ್ಟರೆ, ಕೂದಲ ಹಿಂದಿನ ಮುಖ ನಟಿ ಚಿಗುಸಾಳದೇ. ಉಡಿಸುವ ಕೈ ಇಸೊಬೆಯದೇ.

ಸೋಮವಾರ ಚಿಗುಸಾ ಸಾದೊ ದ್ವೀಪಕ್ಕೆ ಹೊರಡುತ್ತಾಳೆ. ಅಕ್ಕನ ಒಣಮೀನಿನ ಅಂಗಡಿಗೆ, ಮತ್ತೆ ಬರದ ಹಾಗೆ. ಒಂದು ತಿಂಗಳಿಂದ ಇಸೊಬೆಗೆ ಇದು ಗೊತ್ತು. ಒಂದು ತಿಂಗಳಿಂದ ಅವನು ಕೂತಲ್ಲಿ ಕೂತಿಲ್ಲ. ಹೇಳಬೇಕಾದ ಮಾತನ್ನು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಹೊತ್ತು ತಿರುಗಿದ್ದಾನೆ; ಅವಳ ಕೋಣೆಯ ಬಾಗಿಲ ಮುಂದೆ ಬಂದ ಕೂಡಲೇ ಅದು ಗುಂಡಿ, ದಾರ, ಇಸ್ತ್ರಿಯ ಮಾತಾಗಿಬಿಡುತ್ತದೆ.

"ಬನ್ನಿ ಬನ್ನಿ, ಕೊಲೆಗಾರರೇ." ಚಿಗುಸಾ ಕನ್ನಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಅನ್ನದ ಉಂಡೆ ತಿನ್ನುತ್ತಿದ್ದಳು. ಐವತ್ತರ ಕಣ್ಣು, ಅದರಲ್ಲಿನ ತುಂಟತನಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

"ಹುಕುಂ ಮೇಲಿಂದ ಬಂದಿದ್ದು, ಚಿಗುಸಾ-ಸಾನ್. ನಾನು ಬರೀ ಉಡಿಸೋನು."

"ಎಲ್ಲಾ ಕೊಲೆಗಾರರೂ ಹಂಗೇ ಹೇಳೋದು. ಎಲ್ಲಿ, ಕೈ ತೋರಿಸಿ. ಅಯ್ಯೋ, ನಡುಗ್ತಿದೆಯಲ್ಲ! ದೆವ್ವ ಏನಾದ್ರೂ ಕಂಡ್ರಾ?"

"ರೂಮು ತಣ್ಣಗಿದೆ."

"ಆಗಸ್ಟ್ ತಿಂಗಳು ರೀ ಇದು."

ಅವಳು ಎದ್ದು ನಿಂತಳು. ಒಳ ಅಂಗಿಯ ಮೇಲೆ ಬಿಳಿ ಕಿಮೋನೊ ಹೊದಿಸಿ, ಎಡ ಅಂಚನ್ನು ಒಳಕ್ಕೆ ಮಡಿಸಿ, ಬಲವನ್ನು ಅದರ ಮೇಲೆ ತಂದ. ಕನ್ನಡಿ ನೋಡಿದ. ಬಿಚ್ಚಿದ. ಮತ್ತೆ ಉಡಿಸಿದ, ಮತ್ತೆ ಬಿಚ್ಚಿದ. ಕನ್ನಡಿಯೊಳಗಿಂದ ಅವಳು ಅವನ ಹಣೆಯ ಬೆವರನ್ನು, ಕಿವಿಯ ಕೆಂಪನ್ನು, ತನ್ನ ಕಣ್ಣು ತಪ್ಪಿಸುವ ಕಣ್ಣನ್ನು ಬಿಡದೆ ನೋಡುತ್ತಿದ್ದಳು.

"ಮೂರನೇ ಸಲ. ನಿನ್ನೆ ಕೆಲಸಕ್ಕೆ ಸೇರಿದೋರ ಹಾಗೆ."

"ಆಗ್ತಿಲ್ಲ."

"ಏನಾಗ್ತಿಲ್ಲ?"

"ನಿಮಗೆ ಹೆಣದ ಉಡುಗೆ ಉಡಿಸೋಕೆ ಆಗ್ತಿಲ್ಲ." ಮಾತು ಎಡವಿ ಹೊರಬಿತ್ತು. "ಮೊದಲ ಸಲನೂ ಹಿಂಗೇ ಆಗಿರಬೇಕು. ನಾನು ಹೆಂಗೆ ಉಡಿಸಿದೆ ಅಂತ ಇವತ್ತಿಗೂ ಜ್ಞಾಪಕ ಇಲ್ಲ. ನಿಮ್ಮ ಕೊರಳ ಹತ್ರ ಒಂದು ಮಚ್ಚೆ ಇತ್ತು. ಅದೊಂದೇ ಜ್ಞಾಪಕ."

ಚಿಗುಸಾಳ ನಗು ನಿಂತಿತು. ಕೈಬೆರಳಿಗೆ ಅಂಟಿದ ಅನ್ನದ ಅಗುಳನ್ನು ಒರೆಸಿಕೊಂಡಳು.

"ಆವತ್ತು ನೀವು ಸರಿಯಾಗೇ ಉಡಿಸಿದ್ರಿ," ಎಂದಳು.

"ಏನು?"

"ಬಲನೇ ಮೇಲಿತ್ತು. ನೀವು ಹೋದ ಮೇಲೆ ನಾನೇ ಬಿಚ್ಚಿ ಅದಲುಬದಲು ಮಾಡ್ಕೊಂಡೆ."

ಸೊಂಟಪಟ್ಟಿ ಇಸೊಬೆಯ ಕೈಯಿಂದ ಜಾರಿತು. "ಯಾಕೆ?"

"ನೀವು ಉಡಿಸಿ, ತಲೆ ಬಗ್ಗಿಸಿ ಓಡಿಹೋದ್ರಲ್ಲ, ಮುಖ ಎತ್ತಿ ನೋಡ್ಲೇ ಇಲ್ಲ. ತಪ್ಪು ಕಂಡ್ರೆ ಯಾರಾದ್ರೂ ನಿಮ್ಮನ್ನ ಮತ್ತೆ ಕರೀತಾರೆ, ಇನ್ನೊಂದು ಸಲ ಬರ್ತೀರಿ ಅಂತ." ಅವಳ ದನಿ ಸಣ್ಣಗಾಯಿತು. "ಯಾರಿಗೂ ಕಾಣ್ಲಿಲ್ಲ. ಕ್ಯಾಮೆರಾ ಓಡಿಬಿಡ್ತು."

"ಹದಿನಾರು ಜನರ ಮುಂದೆ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದೀನಿ ನಾನು!" ಅವನು ಬಾಗಿಲವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. "ಇಪ್ಪತ್ನಾಲ್ಕು ವರ್ಷ ಬೈಸ್ಕೊಂಡಿದೀನಿ! ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಮೊದಲು ಹೆದರಿಕೆ, ಕೆಲಸ ಹೋಗುತ್ತೆ ಅಂತ. ಆಮೇಲೆ ಎರಡನೇ ಭಾಗ ಬಂತು, ನೀವೇ ಬಂದ್ರಿ. ಹೇಳಿದ್ರೆ ನೀವು ಸಿಟ್ಟಾಗಿ ಬೇರೆ ಚಿತ್ರಕ್ಕೆ ಹೋಗ್ತೀರಿ. ಇದೊಂದು ಮುಗೀಲಿ ಅಂದ್ಕೊಂಡೆ. ಆಮೇಲೆ ಇನ್ನೊಂದು. ಮಧ್ಯೆ ಬೇಜಾರಿಗೆ ಒಂದು ಮದುವೆನೂ ಮಾಡ್ಕೊಂಡೆ, ಬಿಟ್ಟೂ ಬಿಟ್ಟೆ." ಅವಳು ಮೂಗೊರೆಸಿಕೊಂಡಳು. "ನಿಮಗೂ ಬಾಯಿ ಇತ್ತಲ್ವೇನ್ರೀ? ಗುಂಡಿ, ದಾರ, ಗುಂಡಿ, ದಾರ. ಕಿಮೋನೊಗೆಲ್ಲಿಂದ ಬಂತು ಗುಂಡಿ?"

ಬಾಗಿಲ ಆಚೆಯಿಂದ ನಗುಮೊ ಕೂಗಿದಳು. "ಹತ್ತು ನಿಮಿಷ! ಹೆಣ ರೆಡಿನಾ?"

ಇಸೊಬೆಗೆ ಸಿಟ್ಟು ಎಲ್ಲಿ ಮುಗಿದು ನಗು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಮಂಡಿಯೂರಿ ಸೊಂಟಪಟ್ಟಿಯನ್ನು ಎತ್ತಿಕೊಂಡ. ಒಂದು ಊರು ಜನ ಹೆದರಿದ್ದು, ವಾದ ಮಾಡಿದ್ದು, ಬಸ್ ನಿಲ್ದಾಣಗಳಲ್ಲಿ ಹೂವಿಟ್ಟು ಬಂದದ್ದು, ಎಲ್ಲವೂ ಹುಡುಗಿಯೊಬ್ಬಳು ಹುಡುಗನೊಬ್ಬನನ್ನು ಮತ್ತೊಮ್ಮೆ ಕರೆಸಿಕೊಳ್ಳಲು ಹೂಡಿದ ಆಟಕ್ಕೆ.

"ಉಡಿಸಿ," ಎಂದಳು ಚಿಗುಸಾ. "ಅವಳು ಹೋಗ್ಲಿ. ಅವಳು ಕಾದಿದ್ದು ಸಾಕು."

ಅವನು ಬಲ ಅಂಚನ್ನು ಎಡದ ಮೇಲೆ ತಂದು ಬಿಗಿದ. ಈ ಸಲ ಬಿಚ್ಚಲಿಲ್ಲ. ಅವಳ ಮುಖ ಎತ್ತಿ ನೋಡಿದ. ಅವಳೇ ಮೊದಲು ಕಣ್ಣು ತಗ್ಗಿಸಿದಳು.

ಸೆಟ್ಟಿನಲ್ಲಿ ಕೊನೆಗೂ ಬಸ್ಸು ಬಂತು. ದೆವ್ವ ಹತ್ತಿತು, ಬಾಗಿಲು ಮುಚ್ಚಿತು. "ಕಟ್" ಎಂದು ನಗುಮೊ ಕಣ್ಣೊರೆಸಿಕೊಂಡಳು. ಒಂಬತ್ತು ವರ್ಷದವಳಿದ್ದಾಗ ಬಾಡಿಗೆ ಕ್ಯಾಸೆಟ್ಟಿನಲ್ಲಿ ಆ ಹೆಣ್ಣನ್ನು ಕಂಡು ಹಾಸಿಗೆ ಒದ್ದೆ ಮಾಡಿಕೊಂಡವಳು ಅವಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಹೂಗುಚ್ಛ ಕೊಟ್ಟರು.

ಇಸೊಬೆ ಹೂಗುಚ್ಛಗಳ ನಡುವೆ ದಾರಿ ಮಾಡಿಕೊಂಡು ಬಸ್ಸಿನ ಮೆಟ್ಟಿಲ ಬಳಿ ನಿಂತ.

"ಸಾದೊದಲ್ಲಿ ಉಡುಪಿನ ಕೆಲಸದೋರು ಬೇಕಾ?"

"ಒಣಮೀನಿಗೆ ಉಡುಪು ಯಾಕ್ರೀ?"

"ಮೀನು ಸೀಳೋದು ಕಲೀತೀನಿ."

"ಬೆರಳು ಕುಯ್ಕೊಳ್ತೀರಿ."

"ಕುಯ್ಕೊಂಡಾಗ ಬೈಯಿರಿ. ಆದ್ರೆ ನಾನೇ ಮಾಡಿದ ತಪ್ಪಿಗೆ ಮಾತ್ರ."

ಚಿಗುಸಾ ಮುಖದ ಮೇಲಿನ ಕೂದಲನ್ನು ಎರಡೂ ಕೈಯಿಂದ ಸರಿಸಿದಳು. "ಬಂದರಿಗೆ ರೈಲು ಸೋಮವಾರ ಬೆಳಿಗ್ಗೆ ಆರೂಕಾಲಿಗೆ. ತಡ ಮಾಡಬೇಡ, ಹರುಓಮಿ."

ಅಮ್ಮ ತೀರಿಕೊಂಡ ಮೇಲೆ ಆ ಹೆಸರಿನಿಂದ ಅವನನ್ನು ಯಾರೂ ಕರೆದಿರಲಿಲ್ಲ. ಸ್ಟುಡಿಯೋದಲ್ಲಿ ಅವನು ಬರೀ ಇಸೊಬೆ-ಸಾನ್.

"ಆ ಹೆಸರು ನಿಮಗೆ ಹೇಗೆ..."

"ಚಿತ್ರ ಮುಗಿದ ಮೇಲೆ ಎಲ್ಲರ ಹೆಸರು ಬರುತ್ತಲ್ಲ, ಜನ ಎದ್ದು ಹೋಗ್ತಾರಲ್ಲ, ಆಗ," ಎಂದಳು ಚಿಗುಸಾ. "ಏಳು ಸಲ ಓದಿದೀನಿ. ನಿನ್ನ ಹೆಸರು ದಾಟೋವರೆಗೂ ನಾನು ಎದ್ದಿಲ್ಲ."