ಆಯ್ತು ಅಂದಿದ್ದೆನಲ್ಲ...

"ನಗಬೇಡಿ."

ಕ್ಯಾಮೆರಾದ ಹಿಂದಿನಿಂದ ಬಂದ ಆ ಮಾತಿಗೆ ಫ್ಲೇವಿಯಾಳ ಮೈಯೆಲ್ಲ ಉರಿಯಿತು. ನಗುವುದಂತೆ! ಶೆಟ್ಟಿಕೊಪ್ಪದಿಂದ ಬಸ್ಸಿನುದ್ದಕ್ಕೂ ಅಳು ನುಂಗಿಕೊಂಡು ಬಂದವಳಿಗೆ ಕೊಪ್ಪದ ಈ ಸ್ಟುಡಿಯೋದವನು ನಗಬೇಡಿ ಎನ್ನುತ್ತಿದ್ದಾನೆ.

"ನಾನೆಲ್ಲಿ ನಗ್ತಾ ಇದೀನಿ?"

ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಅದೇ ಕ್ಷಣ ಫ್ಲಾಶ್ ಹೊಡೆಯಿತು.

ಷಡಕ್ಷರಿ ಕ್ಯಾಮೆರಾ ಕೆಳಗಿಳಿಸಿದ. "ವೀಸಾ ಫೋಟೋಗೆ ನಗಬಾರ್ದು ಅಂತ ರೂಲ್ಸು. ಎಲ್ರಿಗೂ ಹೇಳೋದೇ ನಿಮಗೂ ಹೇಳ್ದೆ. ಆದ್ರೆ... ನಿಮಗೆ ಹೋಗೋಕೆ ಇಷ್ಟ ಇಲ್ಲ, ಅಲ್ವಾ?"

ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಈ ಅಪರಿಚಿತ ಕೇಳಿಬಿಟ್ಟ.

ಹಸುಗೂಸಾಗಿದ್ದಾಗ ಅವಳಿಗೆ ನ್ಯುಮೋನಿಯಾ ಆಗಿ ಉಸಿರೇ ನಿಲ್ಲುವಂತಾಗಿತ್ತು. ಮಗು ಉಳಿದರೆ ದೊಡ್ಡವಳಾದ ಮೇಲೆ ಎರಡು ವರ್ಷ ಮಿಷನ್ ಸೇವೆಗೆ ಕಳಿಸುತ್ತೇನೆಂದು ಅಮ್ಮ ಸೆರಾಫಿನ್ ಹರಕೆ ಹೊತ್ತಿದ್ದರು. ಮಗು ಉಳಿಯಿತು, ಡಿಗ್ರಿಯೂ ಮುಗಿಯಿತು. ಆಫ್ರಿಕಾದ ಮಲಾವಿಯಲ್ಲಿ ಮಿಷನ್ನಿನವರು ನಡೆಸುವ ಮಕ್ಕಳ ಹಾಸ್ಟೆಲ್ಲಿಗೆ ಸ್ವಯಂಸೇವಕಿ ಬೇಕೆಂದು ಫಾದರ್ ಹೇಳಿದ್ದೇ ತಡ, ಚರ್ಚಿನಲ್ಲಿ ಶಾಲು ಹೊದಿಸಿ ಹಾರ ಹಾಕಿ ಚಪ್ಪಾಳೆ ತಟ್ಟಿಬಿಟ್ಟರು. ಹರಕೆಯ ಕುರಿಯನ್ನು ಯಾರಾದರೂ ಕೇಳಿಯೇ ಹಾರ ಹಾಕುತ್ತಾರೆಯೇ?

ಕಣ್ಣೀರಿನ ಫೋಟೋ ವೀಸಾಕ್ಕೆ ನಡೆಯಲಿಲ್ಲ, ಇನ್ನೊಂದು ತೆಗೆಸಬೇಕಾಯಿತು. ಆಮೇಲೆ ಸೈಜು ಸರಿಯಿಲ್ಲ ಎಂದಳು. ಆಮೇಲೆ ಹಿಂದಿನ ಬಣ್ಣ ಸರಿಯಿಲ್ಲ ಎಂದಳು. ಒಂದು ಫೋಟೋಗೆ ಎಷ್ಟು ಸಲ ಕೊಪ್ಪಕ್ಕೆ ಓಡುವುದು ಎಂದು ಅಮ್ಮ ಗೊಣಗಿದರು. ಸೈಜೂ ಸರಿಯಿತ್ತು, ಬಣ್ಣವೂ ಸರಿಯಿತ್ತು. ಎದುರು ಕೂತು ಮನಸ್ಸಿನ ಮಾತು ಕೇಳಿಸಿಕೊಳ್ಳುವವನು ಮಾತ್ರ ಆ ಸ್ಟುಡಿಯೋ ಬಿಟ್ಟು ಬೇರೆಲ್ಲೂ ಇರಲಿಲ್ಲ!

ಹೊರಡುವ ದಿನ ಇಬ್ಬರೂ ಹೇಳಬೇಕಾದದ್ದನ್ನು ಹೇಳಲಿಲ್ಲ. ಫೋನ್ ಮಾಡ್ತೀನಿ ಎಂದಷ್ಟೇ ಅವನೆಂದ.

ಮಲಾವಿಯಲ್ಲಿ ಮಕ್ಕಳು ಅವಳನ್ನು ಒಂದೇ ವಾರದಲ್ಲಿ ಹಚ್ಚಿಕೊಂಡವು. ಸ್ನಾನ ಮಾಡಿಸಿ, ತಲೆ ಒರೆಸಿ, ಹಾಡು ಕಲಿಸುವಾಗ ಅವಳಿಗೂ ಹಿತವೆನಿಸುತ್ತಿತ್ತು. ಆದರೆ ಸಂಜೆಯಾಗುತ್ತಲೇ ಗೇಟಿಗೆ ಬೀಗ ಬೀಳುತ್ತಿತ್ತು. ಪಾಸ್‌ಪೋರ್ಟ್ ಕೂಡ ಹಾಸ್ಟೆಲ್ಲಿನ ಆಫೀಸಿನ ಬೀರುವಿನಲ್ಲಿತ್ತು. ಸೇವೆಗೆ ಬಂದವರ ಮನಸ್ಸು ಚೆದುರಬಾರದೆಂದು ಫೋನನ್ನೂ ಭಾನುವಾರವಷ್ಟೇ ಕೈಗೆ ಕೊಡುತ್ತಿದ್ದರು. ದಾನಿಗಳಿಗೆ ಕಳಿಸಲು ಪ್ರತಿ ತಿಂಗಳೂ ಫೋಟೋ ತೆಗೆಯುತ್ತಿದ್ದರು. ಅಲ್ಲಿಯ ರೂಲ್ಸು ಬೇರೆ. ನಗಲೇಬೇಕು.

'ಅಳುವಾಗ ನಗಬೇಡಿ ಅಂದವನು ಅಲ್ಲಿ... ಉಸಿರು ಕಟ್ಟುವಾಗ ನಗು ಅನ್ನುವವರು ಇಲ್ಲಿ...'

ಭಾನುವಾರ ಷಡಕ್ಷರಿ ಮಾಡುವ ಕರೆಯೊಂದೇ ಅವಳಿಗೆ ಕಿಟಕಿ. ಒಂದು ಭಾನುವಾರ ಲೈನು ಕರಕರ ಎನ್ನುತ್ತಿತ್ತು. ಅವನು ಏನೇನೋ ಹೇಳಿದ, ಮುಕ್ಕಾಲು ಪಾಲು ಗಾಳಿಗೆ ಹೋಯಿತು. ಕೊನೆಯದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"...ಅಮ್ಮನ ಹತ್ರ ಬಂದು ಕೇಳ್ಲಾ?"

ಕೊನೆಗೂ ಕೇಳಿಬಿಟ್ಟ!

"ಆಯ್ತು," ಎಂದಳು. ಲೈನು ಕಡಿಯಿತು.

ಆ ರಾತ್ರಿ ಬೀಗ ಹಾಕಿದ ಗೇಟೂ ಅವಳಿಗೆ ಚೆಂದ ಕಂಡಿತು. ಮುಂದಿನ ಭಾನುವಾರ ಫೋನು ಸಿಕ್ಕಾಗ, ನನ್ನನ್ನು ಕೇಳಲು ಒಬ್ಬರು ಬರುತ್ತಾರೆ ಎಂದು ಅಮ್ಮನಿಗೆ ಧೈರ್ಯ ಮಾಡಿ ಹೇಳಿದಳು. ಯಾರು, ಯಾವ ಜಾತಿ ಎಂದು ಅಮ್ಮ ಕೂಗಾಡಿದರು, ಬರಲಿ ನೋಡ್ತೀನಿ ಎಂದರು.

ಅವನು ಹೋಗಲಿಲ್ಲ. ಮತ್ತೆ ಫೋನೂ ಮಾಡಲಿಲ್ಲ, ಇವಳು ಮಾಡಿದರೆ ಎತ್ತಲಿಲ್ಲ.

ವಾಪಸು ಹೋಗಲು ಅಮ್ಮನ ಹರಕೆ ಬಿಡಲಿಲ್ಲ. ನೆಮ್ಮದಿಯಾಗಿ ಇರಲು ಅವನ ಮೌನ ಬಿಡಲಿಲ್ಲ. ಉಳಿದ ತಿಂಗಳುಗಳನ್ನು ಅವಳು ಹಲ್ಲು ಕಚ್ಚಿ ತಳ್ಳಿದಳು, ಫೋಟೋಗಳಲ್ಲಿ ನಗುತ್ತಲೇ.

ಅವಧಿ ಮುಗಿದು ಮನೆಗೆ ಬಂದ ದಿನ ಅಮ್ಮ ಮೊದಲು ಎತ್ತಿದ್ದೇ ಆ ಮಾತು. "ನಾನು ಕೊಡ್ತಿದ್ನೋ ಬಿಡ್ತಿದ್ನೋ ಆಮೇಲಿನ ಮಾತು ಮಗಾ. ಬೈಸ್ಕೊಳ್ಳೋಕಾದ್ರೂ ಬರ್ಬೇಕಿತ್ತು ಅವ್ನು. ಎಷ್ಟು ದಿನ ಬಾಗ್ಲು ನೋಡ್ದೆ."

ಮರುದಿನ ಬೆಳಿಗ್ಗೆಯೇ ಫ್ಲೇವಿಯಾ ಕೊಪ್ಪದ ಬಸ್ಸು ಹತ್ತಿದಳು. ಬೈಯಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಸ್ಟುಡಿಯೋದ ಬಾಗಿಲಲ್ಲಿ ಸೊರಗಿದ ಅವನ ಮುಖ ಕಂಡದ್ದೇ, ಎಲ್ಲ ಮರೆತುಹೋಯಿತು.

ಅವನು ನೋಟ ತಪ್ಪಿಸಿದ. "ಕೂತ್ಕೊಳ್ಳಿ. ಮದುವೆ ಫೋಟೋ ಆರ್ಡರ್ ಕೊಡೋಕೆ ಬಂದ್ರಾ?"

"ಎಂತ? ಯಾರ ಮದುವೆ?"

"ನಿಮ್ದೇ. ಮಂಗಳೂರ ಕಡೆ ಹುಡುಗ ಅಂತ ಊರಲ್ಲಿ ಸುದ್ದಿ ಆಗಿತ್ತು. ನಿಮ್ಮನ್ನೇ ಕೇಳ್ದೆ. ನಿಶ್ಚಯ ಆಯ್ತಾ, ಇಲ್ಲಾಂದ್ರೆ ನಾನು ಅಮ್ಮನ ಹತ್ರ ಬಂದು ಕೇಳ್ಲಾ ಅಂತ." ಅವನ ದನಿ ಕುಸಿಯಿತು. "ಆಯ್ತು ಅಂದ್ರಿ. ನಿಶ್ಚಯ ಆದ ಹುಡುಗಿಗೆ ಮತ್ತೆ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ, ಎತ್ಲಿ?"

ಫ್ಲೇವಿಯಾ ಕುರ್ಚಿ ಎಳೆದು ಕೂತಳು.

"ಮಂಗಳೂರ ಹುಡುಗ ಅನ್ನೋದು ಬರೀ ಗಾಳಿಸುದ್ದಿ. ನಂಗೆ ನಿಶ್ಚಯದ ಮಾತು ಕೇಳಿಸ್ಲೇ ಇಲ್ಲ. ಬಂದು ಕೇಳ್ಲಾ ಅನ್ನೋದಷ್ಟೇ ಕೇಳಿಸ್ತು. ಬನ್ನಿ ಅಂತ ಆಯ್ತು ಅಂದೆ..."

ಊರಿಡೀ ದಿನಕ್ಕೆ ನೂರು ಸಲ ಆಡುವ ಒಂದು ಮಾತು! ಅದು ಒಪ್ಪಿದ್ದಕ್ಕೂ ಬರುತ್ತದೆ, ಮುಗಿದಿದ್ದಕ್ಕೂ ಬರುತ್ತದೆ. ಅವಳನ್ನು ಅಲ್ಲಿ, ಅವನನ್ನು ಇಲ್ಲಿ ಅದು ಇಷ್ಟು ದಿನ ಕೂಡಿಹಾಕಿತ್ತು.

ಷಡಕ್ಷರಿ ಡ್ರಾಯರ್ ತೆರೆದು ಒಂದು ಫೋಟೋ ಮುಂದಿಟ್ಟ. ಕಣ್ಣು ತುಂಬಿಕೊಂಡ ಫ್ಲೇವಿಯಾ. ವೀಸಾಕ್ಕೆ ಬೇಡವಾಗಿದ್ದ ಫೋಟೋ.

"ನಿಮ್ಮ ಮಿಷನ್‌ನವರು ನೆಟ್ಟಲ್ಲಿ ಹಾಕ್ತಿದ್ದ ಫೋಟೋ ಎಲ್ಲ ನೋಡ್ತಿದ್ದೆ. ನಗ್ತಾ ಇದ್ರಿ. ನನ್ನ ಫ್ಲೇವಿಯಾ ಇವ್ಳೇ ಅಂತ ಇದನ್ನ ಇಟ್ಕೊಂಡೆ."

ಅವಳು ತಡೆಯದೆ ಅತ್ತಳು. ಬೀಗವಿಲ್ಲದ, ನಗು ಎಂದು ಯಾರೂ ಹೇಳದ ಜಾಗದಲ್ಲಿ ಮನಸಾರೆ ಅತ್ತಳು.

ಅವನು ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತ. "ಲೈನು ಈಗ ಸರಿ ಇದೆ ತಾನೇ? ನಿಮ್ಮ ಅಮ್ಮನ ಹತ್ರ ಬಂದು ಕೇಳ್ಲಾ?"

ಅದೇ ಪದ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

"ಬನ್ನಿ. ಇವತ್ತೇ ಬನ್ನಿ. ಬೈಸ್ಕೊಳ್ಳೋಕೆ ತಯಾರಾಗಿ ಬನ್ನಿ."

"ಆಯ್ತು," ಎಂದ ಅವನು.

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. "ಆ ಮಾತೊಂದು ನಮ್ಮನೇಲಿ ಬೇಡ ಮಾರಾಯ್ರೆ."

"ನಮ್ಮನೇಲಾ?"

"ಹ್ಞೂಂ. ನಮ್ಮನೇಲಿ. ಈ ಸಲ ಸರಿಯಾಗಿ ಕೇಳಿಸ್ತಲ್ಲ?"